ಮನೆಯಲ್ಲಿ ಬೇ ರಮ್ ತಯಾರಿಕೆ: ಒಂದು ಶೀಸೆಯ ಲೆಕ್ಕ

ಬೇ ರಮ್ ಎಂಬುದು ಕುಡಿಯುವ ಪಾನೀಯವಲ್ಲ. ಅದು ಕ್ಷೌರದ ನಂತರ ಮುಖಕ್ಕೆ ಸವರಿಕೊಳ್ಳುವ, ಲವಂಗವನ್ನು ನೆನಪಿಸುವ ಕಂಪಿನ ಆಫ್ಟರ್‌ಶೇವ್ ದ್ರವ. ಇದನ್ನು ಮನೆಯಲ್ಲಿಯೇ ಮಿಶ್ರಣ ಮಾಡಿ ನೋಡುವ ಹವ್ಯಾಸ ಈ ಲೇಖಕನಿಗೆ ಕೆಲವು ವರ್ಷಗಳಿಂದ ಇದೆ. ಒಮ್ಮೆ ತಯಾರಿಸಿದ ಒಂದು ಶೀಸೆ ಬಂಧುವರ್ಗದಲ್ಲಿ ಬಹಳ ಮೆಚ್ಚುಗೆ ಪಡೆಯಿತು. ಸೋದರಳಿಯನೊಬ್ಬನು ತನ್ನ ಉಳಿತಾಯದ ಹಣವನ್ನು ತೊಡಗಿಸಿ ಇದನ್ನೇ ಉದ್ದಿಮೆಯಾಗಿ ಆರಂಭಿಸಲು ಮುಂದಾದನು. ಅದೇ ಮಿಶ್ರಣವನ್ನು ಮತ್ತೊಮ್ಮೆ ತಯಾರಿಸಲು ಕುಳಿತಾಗ, ಯಾವ ಎಣ್ಣೆಯನ್ನು ಎಷ್ಟು ಹನಿ ಹಾಕಿದ್ದೆನೆಂಬುದನ್ನು ಎಲ್ಲಿಯೂ ಬರೆದಿಟ್ಟಿಲ್ಲವೆಂದು ತಿಳಿಯಿತು. ಪರರ ಲೆಕ್ಕಪತ್ರಗಳನ್ನು ಪರಿಶೋಧಿಸುವವನ ಬಳಿ ಸ್ವಂತ ಪ್ರಯೋಗದ ಲೆಕ್ಕವೇ ಇರಲಿಲ್ಲ. ಸಣ್ಣ ಪ್ರಮಾಣದಲ್ಲಿ ಸುಗಂಧ ವಸ್ತುಗಳ ತಯಾರಿಕೆಗೆ ತೊಡಗುವ ಸದಸ್ಯರಿಗೆ ಆ ತಪ್ಪಿನಿಂದ ಕಲಿತ ಪಾಠ ಉಪಯೋಗವಾಗಬಹುದೆಂದು ಈ ಲೇಖನ.

ಹಿನ್ನೆಲೆ

ಬೇ ರಮ್‌ನ ತವರು ಕೆರಿಬಿಯನ್ ಸಮುದ್ರದ ದ್ವೀಪಗಳು. ಡೆನ್ಮಾರ್ಕಿನ ಔಷಧ ತಜ್ಞ ಆಲ್ಬರ್ಟ್ ಹೈನ್ರಿಕ್ ರೀಸೆ 1838ರಲ್ಲಿ ಸೇಂಟ್ ಥಾಮಸ್ ದ್ವೀಪಕ್ಕೆ ಬಂದು ನೆಲೆಸಿ, ಮುಂದೆ ಬೇ ರಮ್ ಅನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿ ರಫ್ತು ಮಾಡಿದನು. ಪಕ್ಕದ ಸೇಂಟ್ ಜಾನ್ ದ್ವೀಪದ ಮರಗಳ ಎಲೆ ಇದಕ್ಕೆ ಆಧಾರವಾಗಿತ್ತು. ಮೊದಲಿಗೆ ಎಲೆಯನ್ನು ರಮ್ಮಿನೊಡನೆ ಭಟ್ಟಿ ಇಳಿಸುತ್ತಿದ್ದರು. ಬಳಿಕ ಎಲೆಯಿಂದ ತೆಗೆದ ಎಣ್ಣೆಯನ್ನು ಮದ್ಯಸಾರದಲ್ಲಿ ಕರಗಿಸುವ ಸುಲಭ ಪದ್ಧತಿ ರೂಢಿಗೆ ಬಂದಿತು. ಈ ದ್ವೀಪಗಳು 1917ರಲ್ಲಿ ಅಮೆರಿಕಕ್ಕೆ ಮಾರಾಟವಾದವು.

ಹೆಸರಿನ ಗೊಂದಲ

ಹೊಸಬರು ಮಾಡುವ ಮೊದಲ ತಪ್ಪು ಎಲೆಯ ಆಯ್ಕೆಯಲ್ಲಿ. ಬೇ ರಮ್‌ನ ಮರ ಪಿಮೆಂಟಾ ರೇಸಿಮೋಸಾ. ನಮ್ಮ ಅಂಗಡಿಗಳಲ್ಲಿ ದೊರೆಯುವ ಪಲಾವ್ ಎಲೆ ದಾಲ್ಚಿನ್ನಿಯ ಜಾತಿಗೆ ಸೇರಿದ್ದು; ಯೂರೋಪಿನ ಅಡುಗೆಯ ಬೇ ಎಲೆ ಲಾರೆಲ್ ಎಂಬ ಬೇರೊಂದು ಮರದ್ದು. ಪಲಾವ್ ಎಲೆಯನ್ನು ರಮ್ಮಿನಲ್ಲಿ ಎಷ್ಟು ದಿನ ನೆನೆಯಿಟ್ಟರೂ ಬೇ ರಮ್ ಆಗುವುದಿಲ್ಲ. ಮಲೆನಾಡಿನ ಕೆಲವು ತೋಟಗಳಲ್ಲಿ ಕಾಣುವ ಆಲ್‌ಸ್ಪೈಸ್ ಮಾತ್ರ ಇದರ ನಿಜವಾದ ದಾಯಾದಿ. ಆದ್ದರಿಂದ ಎಣ್ಣೆಯನ್ನು ಕೊಳ್ಳುವಾಗ ಸಸ್ಯಶಾಸ್ತ್ರೀಯ ಹೆಸರು ಮತ್ತು ಬ್ಯಾಚ್ ಸಂಖ್ಯೆ ಬಿಲ್ಲಿನಲ್ಲಿಯೇ ನಮೂದಾಗಿರುವಂತೆ ನೋಡಿಕೊಳ್ಳಬೇಕು.

ಪ್ರಯೋಗದ ಕ್ರಮ

ಹಳೆಯ ಅಮೆರಿಕನ್ ಔಷಧಕೋಶದ ಸೂತ್ರವನ್ನು 100 ಮಿ.ಲೀ.ಗೆ ಇಳಿಸಿದರೆ ಪ್ರಮಾಣ ಹೀಗಾಗುತ್ತದೆ: ಬೇ ಎಣ್ಣೆ 0.8 ಮಿ.ಲೀ., ಕಿತ್ತಳೆ ಸಿಪ್ಪೆಯ ಎಣ್ಣೆ 0.05, ಆಲ್‌ಸ್ಪೈಸ್ ಎಣ್ಣೆ 0.05, ಮದ್ಯಸಾರ 61, ಉಳಿದದ್ದು ನೀರು. ಎಣ್ಣೆಗಳನ್ನು ಮೊದಲು ಮದ್ಯಸಾರದಲ್ಲಿ ಕರಗಿಸಿ, ಬಳಿಕ ನೀರನ್ನು ನಿಧಾನವಾಗಿ ಸೇರಿಸಬೇಕು. ಶೀಸೆಯನ್ನು ಬಿಗಿಯಾಗಿ ಮುಚ್ಚಿ ಎಂಟು ದಿನ ಇಟ್ಟು ಸೋಸು ಕಾಗದದಲ್ಲಿ ಸೋಸಬೇಕು.

ಇಲ್ಲಿ ಲೆಕ್ಕದ ಸೂಕ್ಷ್ಮವೊಂದಿದೆ. ಒಂದು ಮಿ.ಲೀ.ಗೆ ಸುಮಾರು ಇಪ್ಪತ್ತು ಹನಿ ಎಂದು ಹಿಡಿದರೆ 0.05 ಮಿ.ಲೀ. ಎಂದರೆ ಒಂದೇ ಹನಿ. ಕೈತಪ್ಪಿ ಎರಡು ಹನಿ ಬಿದ್ದರೆ ಕಿತ್ತಳೆಯ ಪ್ರಮಾಣದಲ್ಲಿ ಶೇಕಡ 100ರಷ್ಟು ವ್ಯತ್ಯಾಸವಾಯಿತು. ಮೇಲಾಗಿ ಡ್ರಾಪರ್ ಬದಲಾದರೆ ಹನಿಯ ಗಾತ್ರವೂ ಬದಲಾಗುತ್ತದೆ. ಇದಕ್ಕೆ ಪರಿಹಾರ ಸುಲಭ. ಒಂದು ಭಾಗ ಎಣ್ಣೆಗೆ ಒಂಬತ್ತು ಭಾಗ ಮದ್ಯಸಾರ ಬೆರೆಸಿಟ್ಟುಕೊಂಡು, ಆ ದ್ರಾವಣವನ್ನು 0.5 ಮಿ.ಲೀ. ಅಳೆದು ಹಾಕಬೇಕು. ಒಂದು ಪ್ರಯೋಗದಲ್ಲಿ ಒಂದೇ ಅಂಶವನ್ನು ಬದಲಿಸಬೇಕು. ದಿನಾಂಕ, ಎಣ್ಣೆಯ ಬ್ಯಾಚ್, ಅಳತೆ, ಎಂಟನೆಯ ದಿನದ ವಾಸನೆ, ಚರ್ಮದ ಮೇಲಿನ ಪರಿಣಾಮ ಎಂಬ ಐದು ಕಲಂಗಳ ಪುಸ್ತಕವೊಂದು ಸಾಕು.

ಮದ್ಯಸಾರದ ಬದಲು ಅಂಗಡಿಯ ರಮ್ ಬಳಸುವವರುಂಟು. ನಮ್ಮಲ್ಲಿ ಅದರ ಸಾಮಾನ್ಯ ತೀಕ್ಷ್ಣತೆ ಶೇಕಡ 42.8. ಇಷ್ಟರಲ್ಲಿ ಎಣ್ಣೆ ಪೂರ್ತಿ ಕರಗದೆ ದ್ರವ ಮಬ್ಬಾಗುತ್ತದೆ. ಎಣ್ಣೆಯನ್ನು ಕಡಿಮೆ ಮಾಡುವುದೊಂದೇ ದಾರಿ. ಮೆಥಿಲೇಟೆಡ್ ಸ್ಪಿರಿಟ್ಟನ್ನಂತೂ ಎಂದಿಗೂ ಬಳಸಕೂಡದು. ಅದರಲ್ಲಿರಬಹುದಾದ ಮೆಥನಾಲ್ ವಿಷ ಚರ್ಮದ ಮೂಲಕವೂ ದೇಹವನ್ನು ಸೇರುತ್ತದೆ.

ಬೇ ಎಣ್ಣೆಯಲ್ಲಿ ಸುಮಾರು ಅರ್ಧದಷ್ಟು ಯೂಜೆನಾಲ್ ಇರುತ್ತದೆ. ಲವಂಗದಲ್ಲಿರುವುದೂ ಇದೇ. ಕೆಲವರ ಚರ್ಮಕ್ಕೆ ಇದು ಅಲರ್ಜಿ ಉಂಟುಮಾಡುತ್ತದೆ. ಎಣ್ಣೆಯನ್ನು ನೇರವಾಗಿ ಮುಖಕ್ಕೆ ಹಚ್ಚದೆ, ಸಿದ್ಧವಾದ ಮಿಶ್ರಣವನ್ನು ಮೊದಲು ಮುಂಗೈಯ ಒಳಭಾಗದಲ್ಲಿ ಪರೀಕ್ಷಿಸಿ ಎರಡು ದಿನ ಕಾಯಬೇಕು. ಹಿಂಡಿ ತೆಗೆದ ನಿಂಬೆಯ ಎಣ್ಣೆಯನ್ನು ಸೇರಿಸಿದರೆ ಬಿಸಿಲಿನಲ್ಲಿ ಚರ್ಮ ಸುಡುವ ಅಪಾಯವೂ ಉಂಟು.

ನಿಜವಾದ ವೆಚ್ಚ

ಉದಾಹರಣೆಗೆ, ಒಂದು ಲೀಟರ್ ಬ್ಯಾಚಿಗೆ ಸಾಮಗ್ರಿಯ ವೆಚ್ಚ 2,700 ರೂಪಾಯಿ ಎಂದಿಟ್ಟುಕೊಳ್ಳೋಣ. 100 ಮಿ.ಲೀ. ಶೀಸೆಗೆ 270 ರೂಪಾಯಿ ಎಂದು ಸೋದರಳಿಯ ಲೆಕ್ಕ ಹಾಕಿದ್ದನು. ಸೋಸುವಿಕೆ ಮತ್ತು ಆವಿಯಾಗುವಿಕೆಯಲ್ಲಿ 40 ಮಿ.ಲೀ. ನಷ್ಟ, ಮಾದರಿಗಾಗಿ ತೆಗೆದಿಡುವುದು 60 ಮಿ.ಲೀ. ಎಂದರೆ ಮಾರಾಟಕ್ಕೆ ಉಳಿಯುವುದು ಒಂಬತ್ತೇ ಶೀಸೆ. ಒಂದರ ವೆಚ್ಚ 300 ರೂಪಾಯಿ. ಶೀಸೆ, ಮುಚ್ಚಳ, ಲೇಬಲ್, ದುಡಿಮೆ ಇದರ ಮೇಲೆ. ಲೆಕ್ಕ ಮಾನಕ 2ರ ಪ್ರಕಾರ ಅಸಾಧಾರಣ ನಷ್ಟವನ್ನು ದಾಸ್ತಾನಿನ ಮೌಲ್ಯಕ್ಕೆ ಸೇರಿಸುವಂತಿಲ್ಲ. ವಿಫಲವಾದ ಪ್ರಯೋಗಗಳ ಸಂಶೋಧನಾ ವೆಚ್ಚವನ್ನು ಆಸ್ತಿಯೆಂದು ತೋರಿಸಲು ಲೆಕ್ಕ ಮಾನಕ 26 ಅವಕಾಶ ಕೊಡುವುದಿಲ್ಲ. ಅದನ್ನು ಆಯಾ ವರ್ಷದ ಖರ್ಚಿಗೇ ಬರೆಯಬೇಕು.

ಕಾನೂನು ಮತ್ತು ತೆರಿಗೆ

ಸ್ವಂತ ಬಳಕೆ ಬೇರೆ, ಮಾರಾಟ ಬೇರೆ. ಮಾರಾಟಕ್ಕೆ ತಯಾರಿಸಬೇಕಾದರೆ 2020ರ ಪ್ರಸಾಧನ ಸಾಮಗ್ರಿ ನಿಯಮಗಳಂತೆ ರಾಜ್ಯ ಪ್ರಾಧಿಕಾರದ ಪರವಾನಗಿ ಅಗತ್ಯ. 1955ರ ಔಷಧೀಯ ಮತ್ತು ಪ್ರಸಾಧನ ತಯಾರಿಕೆಗಳ ಅಬಕಾರಿ ಸುಂಕ ಕಾಯಿದೆ 2017ರಲ್ಲಿ ರದ್ದಾದರೂ, ಮದ್ಯಸಾರದ ಖರೀದಿ ಮತ್ತು ದಾಸ್ತಾನಿನ ಮೇಲೆ ರಾಜ್ಯ ಅಬಕಾರಿ ಇಲಾಖೆಯ ನಿಯಂತ್ರಣ ಮುಂದುವರಿದಿದೆ.

ಆಫ್ಟರ್‌ಶೇವ್ ಮೇಲಿನ ಜಿಎಸ್‌ಟಿ 2017ರ ಜುಲೈನಲ್ಲಿ ಶೇಕಡ 28 ಇದ್ದು, ಅದೇ ನವೆಂಬರಿನಲ್ಲಿ 18ಕ್ಕೆ, 2025ರ ಸೆಪ್ಟೆಂಬರ್ 22ರಿಂದ 5ಕ್ಕೆ ಇಳಿಯಿತು. ಗಾಜಿನ ಶೀಸೆಯ ದರ 18 ಆಗಿಯೇ ಇರುವುದರಿಂದ ಹೂಡುವಳಿ ತೆರಿಗೆ ಜಮೆ ಶೇಖರವಾಗಬಹುದು. ಅರ್ಜಿ ಸಲ್ಲಿಸಿ ಮರುಪಾವತಿ ಕೈಸೇರುವವರೆಗೆ ಆ ಹಣ ದುಡಿಯುವ ಬಂಡವಾಳದಿಂದ ಹೊರಗಿರುತ್ತದೆ. ಕುಡಿಯುವ ಮದ್ಯ ಜಿಎಸ್‌ಟಿಯ ಹೊರಗಿರುವುದರಿಂದ ರಮ್ ಖರೀದಿಗೆ ಯಾವ ಜಮೆಯೂ ದೊರೆಯದು.

ಕಚ್ಚಾ ಸಾಮಗ್ರಿಯ ಅಪಾಯ

ಇಂದು ಬೇ ಎಣ್ಣೆಗೆ ಪ್ರಸಿದ್ಧವಾದದ್ದು ಡೊಮಿನಿಕಾ ದ್ವೀಪ. ಅಲ್ಲಿ ಈ ಕಸುಬಿಗೆ ಹೆಸರಾಗಿದ್ದ ಪೆಟೀಟ್ ಸವಾನ್ ಗ್ರಾಮವನ್ನು 2015ರ ಆಗಸ್ಟಿನ ಎರಿಕಾ ಬಿರುಗಾಳಿಯ ಭೂಕುಸಿತದ ನಂತರ ತೆರವುಗೊಳಿಸಬೇಕಾಯಿತು. 2017ರ ಸೆಪ್ಟೆಂಬರಿನಲ್ಲಿ ಮಾರಿಯಾ ಚಂಡಮಾರುತ ಇಡೀ ದ್ವೀಪವನ್ನೇ ಕೆಡವಿತು. ಒಂದು ಸಣ್ಣ ದ್ವೀಪದ ಎಲೆಯನ್ನು ನಂಬಿ ಉದ್ದಿಮೆ ಕಟ್ಟುವವನು ಆರು ತಿಂಗಳ ಎಣ್ಣೆಯ ದಾಸ್ತಾನನ್ನಾದರೂ ಬಂಡವಾಳದ ಅಂದಾಜಿನಲ್ಲಿ ಸೇರಿಸಿಕೊಳ್ಳುವುದು ಲೇಸು.

ಸೋದರಳಿಯನ ಹಣ ಸದ್ಯಕ್ಕೆ ಬ್ಯಾಂಕಿನಲ್ಲಿಯೇ ಇದೆ. ಪುಸ್ತಕದಲ್ಲಿ ಈಗ ಏಳು ಪ್ರಯೋಗಗಳು ದಾಖಲಾಗಿವೆ. ನಾಲ್ಕನೆಯದನ್ನು ಮೂರು ಸಲ ತಯಾರಿಸಿದಾಗಲೂ ಒಂದೇ ಕಂಪು ಬಂದಿದೆ. ಮೊದಲಿನ ಆ ಶೀಸೆಯ ಕಂಪು ಇದಕ್ಕಿಂತ ಚೆನ್ನಾಗಿತ್ತೆಂದು ಮನೆಯವರು ಇಂದಿಗೂ ಹೇಳುತ್ತಾರೆ. ಇರಬಹುದು. ಆದರೆ ಪರವಾನಗಿಯ ಅರ್ಜಿಯಲ್ಲಿ ಬರೆಯಲು ಸಾಧ್ಯವಿರುವುದು ನಾಲ್ಕನೆಯದನ್ನು ಮಾತ್ರ.