ಪೇಟೆಬೀದಿಯ ಪಾದಚಾರಿ ದಾರಿ: ಸರಾಸರಿ ಪಾಠದ ಒಂದು ಅನುಭವ

ತರಗತಿ: 7
ವಿಷಯ: ಗಣಿತ
ಘಟಕ: ದತ್ತಾಂಶಗಳ ನಿರ್ವಹಣೆ
ಅವಧಿ: ಎರಡು
ಕಲಿಕೋಪಕರಣ: ಅಳತೆ ಟೇಪು, ಸೀಮೆಸುಣ್ಣ, ದಾಖಲೆ ಹಾಳೆ

ಪೀಠಿಕೆ

ಅಭ್ಯಾಸ ಬೋಧನೆಗೆಂದು ಮಧುಗಿರಿಯ ಶಾಲೆಯೊಂದಕ್ಕೆ ನನ್ನನ್ನು ನಿಯೋಜಿಸಿದ್ದರು. ಸರಾಸರಿಯನ್ನು ಪಠ್ಯದ ಲೆಕ್ಕಗಳಿಂದಲೇ ಶುರುಮಾಡಬೇಕೆಂದಿದ್ದೆ. ಆದರೆ ಬೆಂಗಳೂರಿನ ಮಾಲ್ ನೋಡಿ ಬಂದಿದ್ದ ಒಬ್ಬ ಹುಡುಗ, "ಅಲ್ಲಿ ಎಷ್ಟು ಅಂಗಡಿ ಸುತ್ತಿದರೂ ಒಂದು ಬೈಕೂ ಅಡ್ಡ ಬರಲ್ಲ ಮಿಸ್, ನಮ್ಮ ಪೇಟೇಲಿ ಹತ್ತು ಹೆಜ್ಜೆ ನೆಟ್ಟಗೆ ನಡೆಯೋಕಾಗಲ್ಲ" ಎಂದ. ಅವನ ಮಾತನ್ನೇ ಪಾಠದ ಪ್ರಶ್ನೆಯಾಗಿ ತೆಗೆದುಕೊಂಡೆ.

ಮಾಲ್‌ಗಳಲ್ಲಿ ವಾಹನಗಳು ನೆಲಮಾಳಿಗೆಯಲ್ಲಿ ನಿಲ್ಲುತ್ತವೆ, ಮೇಲಿನ ಜಾಗವೆಲ್ಲ ನಡೆಯುವವರದು. 2008ರಲ್ಲಿ ತೆರೆದ ಯು.ಬಿ. ಸಿಟಿಯಂಥ ದುಬಾರಿ ಮಳಿಗೆಗಳಲ್ಲೂ ಹೀಗೆಯೇ. ಆದರೆ ನಡೆದಾಡುವ ಸುಖಕ್ಕೆ ಮಾಲ್ ಬೇಕೇಬೇಕೆಂದಿಲ್ಲ. ಬೆಂಗಳೂರಿನ ಚರ್ಚ್ ಸ್ಟ್ರೀಟ್ ಟೆಂಡರ್‌ಶೂರ್ ಯೋಜನೆಯಲ್ಲಿ ಕಲ್ಲುಹಾಸಿನ ಬೀದಿಯಾಗಿ 2018ರಲ್ಲಿ ಮತ್ತೆ ತೆರೆಯಿತು. 2020ರ ನವೆಂಬರ್‌ನಿಂದ 2021ರ ಫೆಬ್ರವರಿವರೆಗೆ ವಾರಾಂತ್ಯಗಳಲ್ಲಿ ಅಲ್ಲಿ ವಾಹನಗಳನ್ನೇ ಬಿಡಲಿಲ್ಲ. "ಹಾಗಾದರೆ ನಮ್ಮ ಬೀದಿಯಲ್ಲಿ ನಡೆಯಲು ಎಷ್ಟು ಜಾಗ ಉಳಿದಿದೆ?" ಎಂದು ಕೇಳಿ ತರಗತಿಯನ್ನು ಹೊರಗೆ ಕರೆದುಕೊಂಡು ಹೋದೆ.

ಪರಿಶೋಧನೆ

ಐದು ಗುಂಪುಗಳು ಐದು ಕಡೆ ಪಾದಚಾರಿ ದಾರಿಯ ಬಿಡುವಿನ ಅಗಲ ಅಳೆದವು. ನಾನು ಕೊಟ್ಟ ಹಾಳೆಯಲ್ಲಿ ಮೂರು ಅಂಕಣಗಳಿದ್ದವು: ಸ್ಥಳ, ಅಗಲ, ಅಡಚಣೆ. ಮೂರನೆಯದಕ್ಕೆ ಉದಾಹರಣೆಯಾಗಿ ಬೈಕ್, ಅಂಗಡಿಯ ಫಲಕ, ತಳ್ಳುಗಾಡಿ, ಹೂವಿನ ಬುಟ್ಟಿ ಎಂದು ನಾನೇ ಬರೆದಿದ್ದೆ.

ಮರುದಿನ ಹಾಳೆಗಳನ್ನು ಓದುವಾಗ ಒಬ್ಬ ಹುಡುಗಿ ಎದ್ದು ನಿಂತಳು. "ಅದು ನಮ್ಮಮ್ಮನ ಬುಟ್ಟಿ ಮಿಸ್, ಅಡಚಣೆ ಅಲ್ಲ." ಕೆಲವರು ನಕ್ಕರು. ನನ್ನ ಪಾಠಯೋಜನೆಯಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಅಳೆಯುವ ಮೊದಲೇ ತೀರ್ಪು ಬರೆದಿದ್ದವಳು ನಾನು. ಹಾಗೆಂದು ತರಗತಿಯ ಮುಂದೆಯೇ ಹೇಳಿ, ಅಂಕಣದ ಹೆಸರನ್ನು "ಅಲ್ಲಿ ಏನಿತ್ತು" ಎಂದು ತಿದ್ದಿದೆ.

ವಿವರಣೆ

ಕಪ್ಪುಹಲಗೆಯ ಮೇಲೆ ಬಂದ ಅಳತೆಗಳು, ಮೀಟರ್‌ಗಳಲ್ಲಿ: 1.6, 0.9, 2.1, 0, 1.4.

ಮೊತ್ತ 6.0, ಸರಾಸರಿ 1.2, ಮಧ್ಯಾಂಕ 1.4, ವ್ಯಾಪ್ತಿ 2.1. ಮಕ್ಕಳು ಸರಿಯಾಗಿಯೇ ಲೆಕ್ಕ ಮಾಡಿದರು. "ಸರಾಸರಿ 1.2 ಮೀಟರ್ ಜಾಗ ಇದೆ ಎಂದರೆ ಅಜ್ಜಿಯೊಬ್ಬರು ಈ ಬೀದಿಯಲ್ಲಿ ಆರಾಮಾಗಿ ನಡೆಯಬಹುದೇ?" ಎಂದು ಕೇಳಿದೆ. ಸ್ವಲ್ಪ ಹೊತ್ತಿನ ನಂತರ ಹಿಂದಿನ ಬೆಂಚಿನಿಂದ ಉತ್ತರ ಬಂತು: "ಸೊನ್ನೆ ಇರೋ ಕಡೆ ರಸ್ತೆಗೆ ಇಳೀಬೇಕಲ್ಲ!"

ಈ ಪಾಠದಲ್ಲಿ ಕಲಿಯಬೇಕಾದದ್ದು ಅದೇ. ದಾರಿಯ ಉಪಯೋಗವನ್ನು ಸರಾಸರಿ ಹೇಳುವುದಿಲ್ಲ, ಅತಿ ಕಿರಿದಾದ ಜಾಗ ಹೇಳುತ್ತದೆ. ಸೊನ್ನೆ ಬಂದ ಕಡೆ ಇದ್ದದ್ದು ಅಡ್ಡ ನಿಲ್ಲಿಸಿದ್ದ ಮೂರು ಬೈಕ್‌ಗಳು. 0.9 ಬಂದ ಕಡೆ ತಳ್ಳುಗಾಡಿ. ಹೂವಿನ ಬುಟ್ಟಿಯ ಪಕ್ಕ 1.4 ಮೀಟರ್ ಬಿಡುವಿತ್ತು. ಹುಡುಗಿ ಆ ಸಂಖ್ಯೆಯ ಸುತ್ತ ತಾನೇ ಬಂದು ಗೆರೆ ಎಳೆದಳು.

ವಿಸ್ತರಣೆ

ಭಾರತೀಯ ರಸ್ತೆ ಕಾಂಗ್ರೆಸ್‌ನ 2012ರ ಮಾರ್ಗಸೂಚಿಯ ಪ್ರಕಾರ ನಡೆಯಲು ಕನಿಷ್ಠ 1.8 ಮೀಟರ್ ಬಿಡುವು ಇರಬೇಕು. ನಮ್ಮ ಐದರಲ್ಲಿ ಒಂದು ಮಾತ್ರ ಇದನ್ನು ಮುಟ್ಟಿತು. ಬುಟ್ಟಿಯ ಜಾಗವೂ ಮುಟ್ಟಲಿಲ್ಲ ಎಂಬುದನ್ನು ಮುಚ್ಚಿಡಲಿಲ್ಲ. "ಹಾಗಾದರೆ ಎತ್ತಿಸಬೇಕಾ?" ಎಂದು ಒಬ್ಬ ಕೇಳಿದಾಗ 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಬಗ್ಗೆ ಹೇಳಿದೆ: ವ್ಯಾಪಾರಿಗಳ ಸಮೀಕ್ಷೆ ನಡೆಯಬೇಕು, ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರು ವ್ಯಾಪಾರಿಗಳೇ ಆಗಿರಬೇಕು. ಅಂದರೆ ಜಾಗ ಹಂಚುವ ಮಾತಿನಲ್ಲಿ ಅವರಿಗೂ ಪಾಲಿದೆ.

ಮೌಲ್ಯಮಾಪನ

ಸರಾಸರಿ 1.8 ಆಗುವಂತೆ, ಆದರೆ ಒಂದು ಕಡೆ ನಡೆಯಲು ಜಾಗವೇ ಇಲ್ಲದಂತೆ ಐದು ಅಳತೆಗಳನ್ನು ಬರೆಯಲು ಹೇಳಿದೆ. ಹೆಚ್ಚಿನವರು ಬರೆದರು. ಸೂತ್ರ ಬಲ್ಲವರೆಲ್ಲ ಬರೆಯಲಿಲ್ಲ, ಬೀದಿಯನ್ನು ನೆನಪಿಸಿಕೊಂಡವರು ಬೇಗ ಬರೆದರು.

ಅವಲೋಕನ

ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಶಿರಾ, ಕೊರಟಗೆರೆ, ಪಾವಗಡಗಳಲ್ಲಿ ಅಭ್ಯಾಸ ಬೋಧನೆಯಲ್ಲಿರುವ ಸಹಪಾಠಿಗಳೂ ಈ ಚಟುವಟಿಕೆ ಮಾಡಬಹುದು. ಹೆದ್ದಾರಿ ಪಕ್ಕದ ಶಿರಾದಲ್ಲಿ ಬರುವ ಸಂಖ್ಯೆಗಳೇ ಬೇರೆಯಾಗಬಹುದು. ಒಂದು ಎಚ್ಚರಿಕೆ: ಕೋಷ್ಟಕದ ತಲೆಬರಹಗಳನ್ನು ಮಕ್ಕಳ ಜೊತೆ ಕುಳಿತು ಬರೆಯಿರಿ. ನಾವು ಅಳೆಯುವ ಬೀದಿಯಲ್ಲಿ ನಮ್ಮ ಮಕ್ಕಳ ಮನೆಯವರು ದುಡಿಯುತ್ತಿರುತ್ತಾರೆ.