ಮಯಸ್ತೇನಿಯಾ ರೋಗದ ಔಷಧಗಳು ಮತ್ತು ತಾಯ್ತನ

ಬೆಳಿಗ್ಗೆ ಸರಿಯಾಗಿರುವ ಕಣ್ಣಿನ ರೆಪ್ಪೆ ಸಂಜೆಯ ಹೊತ್ತಿಗೆ ಜೋತುಬೀಳುವುದು, ಒಂದು ವಸ್ತು ಎರಡಾಗಿ ಕಾಣುವುದು, ಮುದ್ದೆ ನುಂಗುವಾಗ ಗಂಟಲಲ್ಲಿ ಸಿಕ್ಕಿಕೊಂಡಂತಾಗುವುದು, ವಿಶ್ರಾಂತಿ ಪಡೆದರೆ ಚೇತರಿಸುವುದು: ಇವು ಮಯಸ್ತೇನಿಯಾ ಗ್ರಾವಿಸ್ ಎಂಬ ವಿರಳ ರೋಗದ ಲಕ್ಷಣಗಳು. ದೇಹದ ರಕ್ಷಣಾಶಕ್ತಿಯೇ ದಾರಿತಪ್ಪಿ, ನರದ ಆಜ್ಞೆ ಸ್ನಾಯುವಿಗೆ ಮುಟ್ಟುವ ಸ್ಥಳದಲ್ಲಿ ಅಡ್ಡಿಯೊಡ್ಡುತ್ತದೆ. ಇದು ಅಂಟುರೋಗವಲ್ಲ, ಯಾರದೋ ಕಣ್ಣು ಬಿದ್ದುದರ ಫಲವೂ ಅಲ್ಲ. ಹರೆಯದ ಸ್ತ್ರೀಯರಲ್ಲಿಯೂ ಕಾಣಿಸಿಕೊಳ್ಳುವುದರಿಂದ ದಂಪತಿಗಳಿಬ್ಬರೂ ಇದರ ಔಷಧಗಳನ್ನು ಕುರಿತು ತಿಳಿದಿರುವುದು ಅವಶ್ಯ.

ಪಿರಿಡೋಸ್ಟಿಗ್ಮಿನ್ ಮಾತ್ರೆಯ ಗುಣ ಮೂರು ನಾಲ್ಕು ಗಂಟೆಗಳ ಕಾಲ ಇರುತ್ತದೆ. ಪ್ರಮಾಣ ಮೀರಿದರೆ ಬಾಯಲ್ಲಿ ನೀರೂರುವುದು, ಹೊಟ್ಟೆನುಲಿತ, ಭೇದಿ, ಸ್ನಾಯುಗಳ ಅದುರುವಿಕೆ ಉಂಟಾಗಿ, ನಿಶ್ಶಕ್ತಿಯೂ ಹೆಚ್ಚುತ್ತದೆ. ನಿಶ್ಶಕ್ತಿ ಕಂಡೊಡನೆ ತಾವಾಗಿ ಇನ್ನೊಂದು ಮಾತ್ರೆ ನುಂಗುವುದು ಅಪಾಯಕರವಾಗಲು ಇದೇ ಕಾರಣ. ಪ್ರೆಡ್ನಿಸೊಲೋನ್ ಸೇವಿಸುವವರು ರಕ್ತದೊತ್ತಡ ಮತ್ತು ಸಕ್ಕರೆಯನ್ನೂ, ಅಜಥಯೋಪ್ರಿನ್ ಸೇವಿಸುವವರು ರಕ್ತಕಣ ಮತ್ತು ಯಕೃತ್ತನ್ನೂ ಕಾಲಕಾಲಕ್ಕೆ ಪರೀಕ್ಷಿಸಿಕೊಳ್ಳತಕ್ಕದ್ದು. ಮೊಸಳೆಯಂತಹ ಗ್ರಾಮದವರು ಇದಕ್ಕಾಗಿ ಪ್ರತಿ ಬಾರಿಯೂ ಬೆಂಗಳೂರಿನ ನಿಮ್ಹಾನ್ಸ್‌ವರೆಗೆ ಹೋಗಬೇಕಾಗಿಲ್ಲ. ಹಾಸನದಲ್ಲಿಯೇ ಪರೀಕ್ಷೆ ಮಾಡಿಸಿ, ಮುಂದಿನ ಭೇಟಿಗೆ ವರದಿಯನ್ನು ಒಯ್ಯಬಹುದು. ಬಸ್ಸಿನ ಖರ್ಚಿಗೆ ಅಂಜಿ ಪರೀಕ್ಷೆಯನ್ನೇ ಬಿಟ್ಟುಬಿಡುವವರುಂಟು. ಆಸ್ಪತ್ರೆ ಸೇರಬೇಕಾಗಿ ಬಂದರೆ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಖರ್ಚಾದೀತು.

ಈ ರೋಗವುಳ್ಳ ಸ್ತ್ರೀಯು ತಾಯಿಯಾಗಬಾರದೆಂಬ ನಿಯಮವಿಲ್ಲ. ಆದರೆ ಮಗು ಬೇಕೆಂಬ ನಿರ್ಧಾರವನ್ನು ವೈದ್ಯರಿಗೆ ಮುಂಚಿತವಾಗಿಯೇ ತಿಳಿಸಬೇಕು. ಮೈಕೋಫಿನೊಲೇಟ್, ಮೆಥೋಟ್ರೆಕ್ಸೇಟ್ ಎಂಬ ಔಷಧಗಳು ಗರ್ಭದ ಶಿಶುವಿಗೆ ಅಂಗದೋಷ ತರಬಲ್ಲವು. ಇವುಗಳನ್ನು ಸೇವಿಸುವಷ್ಟು ಕಾಲ ತಪ್ಪದೆ ಗರ್ಭನಿರೋಧಕ ಕ್ರಮ ಅನುಸರಿಸಬೇಕು. ಇವನ್ನು ಸೇವಿಸುತ್ತಿರುವವರು ಪತಿಯಾದರೂ ಮೊದಲು ವೈದ್ಯರನ್ನು ಕೇಳಿಕೊಳ್ಳತಕ್ಕದ್ದು. ಗರ್ಭ ನಿಂತಿತೆಂದು ಹೆದರಿ ಎಲ್ಲ ಮಾತ್ರೆಗಳನ್ನೂ ಒಮ್ಮೆಗೇ ನಿಲ್ಲಿಸಕೂಡದು. ಹಾಗೆ ಮಾಡಿದರೆ ತಾಯಿಯ ಉಸಿರಾಟಕ್ಕೇ ಅಪಾಯ ಬರಬಹುದು. ಆ ದಿನವೇ ವೈದ್ಯರನ್ನು ಕಾಣಬೇಕು.

ಹೆರಿಗೆಯ ವೇಳೆ ಇನ್ನೊಂದು ಎಚ್ಚರಿಕೆ ಅಗತ್ಯ. ಗರ್ಭಿಣಿಯ ನಂಜಿಗೆ ಸಾಮಾನ್ಯವಾಗಿ ಕೊಡುವ ಮೆಗ್ನೀಸಿಯಂ ಸಲ್ಫೇಟ್ ಚುಚ್ಚುಮದ್ದು ಈ ರೋಗಿಯ ಉಸಿರಾಟವನ್ನು ಕುಗ್ಗಿಸಬಲ್ಲುದು. ಜೆಂಟಾಮೈಸಿನ್, ಸಿಪ್ರೊಫ್ಲಾಕ್ಸಾಸಿನ್, ಅಜಿಥ್ರೊಮೈಸಿನ್, ಕ್ಲೋರೊಕ್ವಿನ್ ಇವೂ ನಿಶ್ಶಕ್ತಿಯನ್ನು ಹೆಚ್ಚಿಸಬಹುದು. ಆದುದರಿಂದ ರೋಗದ ಹೆಸರನ್ನೂ ಸೇವಿಸುತ್ತಿರುವ ಮಾತ್ರೆಗಳನ್ನೂ ತಾಯಿ ಕಾರ್ಡಿನ ಮೊದಲ ಪುಟದಲ್ಲಿ ದೊಡ್ಡಕ್ಷರಗಳಲ್ಲಿ ಬರೆಸಿಡಿರಿ. ನೋವು ಬಂದಾಗ ತಾಯಿಗೆ ಮಾತನಾಡಲಾಗದಿದ್ದೀತು. ಪತಿಯು ಈ ವಿವರವನ್ನು ಬಾಯಿಪಾಠ ಮಾಡಿಕೊಂಡಿರಲಿ. ನವಜಾತ ಶಿಶುಗಳ ನಿಗಾ ಘಟಕವುಳ್ಳ ಆಸ್ಪತ್ರೆಯಲ್ಲಿಯೇ ಹೆರಿಗೆಯಾಗಬೇಕು. ಕೆಲವು ಶಿಶುಗಳಿಗೆ ಮೊದಲ ದಿನಗಳಲ್ಲಿ ಅಳುವಿಗೂ ಮೊಲೆಯುಣ್ಣಲಿಕ್ಕೂ ಬಲ ಸಾಲದಿರಬಹುದು. ಚಿಕಿತ್ಸೆಯಿಂದ ಕೆಲವು ವಾರಗಳಲ್ಲಿ ಇದು ನೀಗುತ್ತದೆ.

ಔಷಧದಿಂದ ತೊಂದರೆಯಾಯಿತೆಂದು ಸಂಶಯ ಬಂದರೆ ವೈದ್ಯರಿಗಲ್ಲದೆ, 2010ರಲ್ಲಿ ಆರಂಭವಾದ ಭಾರತದ ಔಷಧ ಸುರಕ್ಷತಾ ನಿಗಾ ಕಾರ್ಯಕ್ರಮಕ್ಕೂ ರೋಗಿಯ ಮನೆಯವರೇ ತಿಳಿಸಬಹುದು. ಶುಲ್ಕರಹಿತ ದೂರವಾಣಿ 1800-180-3024. ಮಾತ್ರೆಯ ಹೆಸರು, ಸೇವಿಸಿದ ದಿನ, ಕಂಡ ತೊಂದರೆ, ಇಷ್ಟನ್ನು ಹೇಳಿದರೆ ಸಾಕು. ಉಸಿರಾಟ ಅಥವಾ ನುಂಗುವುದು ಕಷ್ಟವಾದರೆ ಮಾತ್ರ ಮೊದಲು 108ಕ್ಕೆ ಕರೆ ಮಾಡಿರಿ.