ಹೂ ಬಿಟ್ಟರೂ ಕಾಯಿ ಕಟ್ಟದೇಕೆ?

ಕಳೆದ ಮಳೆಗಾಲದಲ್ಲಿ ಅವ್ವ ಕಳಸದ ನಮ್ಮ ಹಿತ್ತಿಲಿನ ಸಿಲ್ವರ್ ಮರಗಳ ನೆರಳಿನಲ್ಲಿ ಟೊಮ್ಯಾಟೋ ನೆಟ್ಟಳು. ಹಣ್ಣು ಮಾರಿ ನನ್ನ ಪರೀಕ್ಷಾ ಶುಲ್ಕ ಕಟ್ಟುವುದು ಅವಳ ಎಣಿಕೆ. ಗಿಡಗಳು ಹುಲುಸಾಗಿ ಬೆಳೆದವು, ಹೂಗಳೆಲ್ಲ ಉದುರಿದವು. ನೆರೆಯವರು ‘ದೃಷ್ಟಿ ತಾಗಿದೆ’ ಎಂದರು. ನಾನು ಗ್ರಂಥಾಲಯದಲ್ಲಿ ಸಸ್ಯಶಾಸ್ತ್ರದ ಪುಸ್ತಕ ತೆರೆದೆ.

ಟೊಮ್ಯಾಟೋ ಹೂವಿನಲ್ಲಿ ಗಂಡು ಹೆಣ್ಣು ಭಾಗಗಳೆರಡೂ ಇವೆ. ಗಾಳಿಯೋ ದುಂಬಿಯೋ ಅಲುಗಿಸಿದಾಗ ಪರಾಗ ಉದುರಿ ಹೆಣ್ಣು ಭಾಗದ ತುದಿಯನ್ನು ಸೇರುತ್ತದೆ. ಎಡೆಬಿಡದ ಮಳೆಯ ತೇವದಲ್ಲಿ ಪರಾಗ ಅಂಟಿಕೊಂಡು ಉದುರದು. ಹಗಲು 35 ಡಿಗ್ರಿ ಸೆಲ್ಸಿಯಸ್ ಮೀರಿದರೂ, ರಾತ್ರಿ 13ಕ್ಕಿಂತ ಇಳಿದರೂ ಪರಾಗ ಕೆಡುವುದುಂಟು. ಪರಾಗ ಸೇರದ ಹೂ ತೊಟ್ಟಿನ ಗಂಟಿನಲ್ಲಿ ಕಳಚಿ ಬೀಳುತ್ತದೆ. ಸಾರಜನಕ ಅತಿಯಾದರೆ ಎಲೆಯೇ ಬೆಳೆಯುತ್ತದೆ. ನಾವು ಸಗಣಿ ಗೊಬ್ಬರವನ್ನು ಧಾರಾಳವಾಗಿ ಸುರಿದಿದ್ದೆವು!

ಕಾಫಿ ನೆರಳನ್ನು ಸಹಿಸುತ್ತದೆ. ಟೊಮ್ಯಾಟೋ ಬಿಸಿಲನ್ನು ಬೇಡುತ್ತದೆ. ಕಾಫಿಯ ನಾಡಿನವರಾದ ನಾವು ಎಲ್ಲ ಗಿಡಗಳನ್ನೂ ಕಾಫಿಯೆಂದೇ ಬಗೆದಿದ್ದೆವು.

ಮಳೆ ಹಿಂದಾದ ಮೇಲೆ ಅಂಗಳದಂಚಿನ ಬಿಸಿಲಿನಲ್ಲಿ ಮತ್ತೆ ನೆಟ್ಟೆವು. ಗೊಬ್ಬರ ಕಡಿಮೆ ಮಾಡಿದೆವು. ದಿನವೂ ಬೆಳಿಗ್ಗೆ ಹೂಗೊಂಚಲನ್ನು ಮೆಲ್ಲನೆ ಅಲುಗಿಸಿದೆ. ಕಾಯಿ ಕಟ್ಟಿತು. ಅಷ್ಟರಲ್ಲಿ ಶುಲ್ಕವನ್ನು ಸಾಲ ಮಾಡಿ ಕಟ್ಟಿಯಾಗಿತ್ತು. ಆ ಸಾಲ ಈಗ ಬುಟ್ಟಿ ಬುಟ್ಟಿಯಾಗಿ ತೀರುತ್ತಿದೆ. ದೃಷ್ಟಿಯ ಮಾತನ್ನು ಅವ್ವ ಈಗ ಆಡುವುದಿಲ್ಲ.